ತಕ್ಕಡಿ ಹಿಡಿದವರ ತೂಕ

ಸಮಾನತೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಯಾರಾದರೊಬ್ಬರು ಅಂಗೈ ಚಾಚಿ, ‘ಐದು ಬೆರಳೂ ಒಂದೇ ಸಮ ಇವೆಯೇ?’ ಎಂದು ಕೇಳಿಬಿಡುತ್ತಾರೆ. ಅಲ್ಲಿಗೆ ಚರ್ಚೆ ಮುಗಿದ ಲೆಕ್ಕ. ಅಮೆರಿಕದ ಕರ್ಟ್ ವಾನೆಗಟ್ 1961ರಲ್ಲಿ ಪ್ರಕಟಿಸಿದ ‘ಹ್ಯಾರಿಸನ್ ಬರ್ಜರಾನ್’ ಎಂಬ ಸಣ್ಣ ಕಥೆಯ ಸರ್ಕಾರ ಅಷ್ಟಕ್ಕೆ ಸುಮ್ಮನಾಗುವುದಿಲ್ಲ, ಬೆರಳುಗಳನ್ನೇ ಸಮ ಮಾಡಲು ಹೊರಡುತ್ತದೆ. ಕಾಲ 2081. ಸಂವಿಧಾನದ 211, 212 ಮತ್ತು 213ನೇ ತಿದ್ದುಪಡಿಗಳ ಪುಣ್ಯದಿಂದ ಅಲ್ಲಿ ಯಾರೂ ಯಾರಿಗಿಂತಲೂ ಜಾಣರಲ್ಲ, ಗಟ್ಟಿಗರಲ್ಲ, ಚೆಲುವರಲ್ಲ. ಕಟ್ಟುಮಸ್ತಾದವರ ಮೈಮೇಲೆ ಭಾರ, ಚೆಲುವೆಯರಿಗೆ ಮುಖವಾಡ, ಬುದ್ಧಿವಂತರ ಕಿವಿಗೆ ರೇಡಿಯೊ. ಇದನ್ನು ಓದಿದ ಹಲವರು, ಸಮಾನತೆ ಅತಿಯಾದರೆ ಇದೇ ಗತಿ ಎಂದು ತೀರ್ಪು ಕೊಡುತ್ತಾರೆ. ಕಥೆಯನ್ನು ಹತ್ತಿರದಿಂದ ನೋಡಿದರೆ ಆ ತೀರ್ಪು ನಿಲ್ಲುವುದಿಲ್ಲ. ಆ ದೇಶದಲ್ಲಿ ಮೈಬಲ, ಮುಖ, ಮಿದುಳು ಎಲ್ಲವೂ ತಕ್ಕಡಿಗೆ ಏರುತ್ತವೆ. ತಕ್ಕಡಿ ಹಿಡಿದವರ ಅಧಿಕಾರ ಮಾತ್ರ ಏರುವುದಿಲ್ಲ.

ಕಥೆ ನಡೆಯುವುದು ಒಂದು ಮನೆಯ ಟಿವಿ ಮುಂದೆ. ಜಾರ್ಜ್ ಬರ್ಜರಾನ್ ಬುದ್ಧಿವಂತ, ಹಾಗಾಗಿ ಅವನ ಕಿವಿಯಲ್ಲಿ ಸರ್ಕಾರದ ರೇಡಿಯೊ. ಇಪ್ಪತ್ತು ಸೆಕೆಂಡಿಗೊಮ್ಮೆ ಅದರಿಂದ ಮಿದುಳು ಸೀಳುವಂಥ ಸದ್ದು. ಒಮ್ಮೆ ಹಾಲಿನ ಬಾಟಲಿಗೆ ಸುತ್ತಿಗೆ ಬಡಿದಂತೆ, ಇನ್ನೊಮ್ಮೆ ಗುಂಡು ಹಾರಿದಂತೆ. ಕೊರಳಿಗೆ ಬೀಗ ಜಡಿದ ಚೀಲದಲ್ಲಿ 47 ಪೌಂಡು, ಅಂದರೆ ಸುಮಾರು 21 ಕಿಲೊ ಸೀಸದ ಗುಂಡು. ಹೆಂಡತಿ ಹೇಝಲ್ ಸಾಧಾರಣ ಬುದ್ಧಿಯವಳು, ಅವಳಿಗೆ ಯಾವ ಭಾರವೂ ಇಲ್ಲ. ಗಂಡ ಬಳಲಿದ್ದನ್ನು ಕಂಡು, ಮನೆಯಲ್ಲಿರುವಷ್ಟು ಹೊತ್ತಾದರೂ ಒಂದಿಷ್ಟು ಗುಂಡು ತೆಗೆದಿಡಬಾರದೇ ಎನ್ನುತ್ತಾಳೆ. ತೆಗೆದ ಪ್ರತಿ ಗುಂಡಿಗೂ ಎರಡು ವರ್ಷ ಜೈಲು, ಎರಡು ಸಾವಿರ ಡಾಲರ್ ದಂಡ ಎಂದು ಅವನು ನೆನಪಿಸುತ್ತಾನೆ. ಅಷ್ಟೇ ಹೇಳಿದ್ದರೆ ಅದು ಹೆದರಿದವನ ಮಾತಾಗುತ್ತಿತ್ತು. ಅವನು ಮುಂದುವರಿದು, ಎಲ್ಲರೂ ಹೀಗೇ ಮಾಡಿದರೆ ಜನ ಮತ್ತೆ ಪೈಪೋಟಿಗೆ ಬಿದ್ದ ಹಳೆಯ ಕತ್ತಲ ಕಾಲಕ್ಕೆ ಹೋಗಬೇಕಾಗುತ್ತದೆ ಎಂದು ವಾದಿಸುತ್ತಾನೆ. ನೊಗ ಹೊತ್ತವನೇ ನೊಗದ ವಕೀಲ! ಚೀಲ ಕೊರಳಿಂದ ಇಳಿದೀತು, ಆದರೆ ಇಳಿಸಬೇಕೆಂಬ ಯೋಚನೆ ಪೂರ್ತಿಯಾಗಲು ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಬೇಕು. ರೇಡಿಯೊ ಅಷ್ಟು ಸಮಯ ಕೊಡುವುದಿಲ್ಲ.

ಅವರ ಮಗ ಹ್ಯಾರಿಸನ್‌ಗೆ ಹದಿನಾಲ್ಕು ವರ್ಷ, ಏಳಡಿ ಎತ್ತರ, ಮೈಮೇಲೆ 300 ಪೌಂಡು ಕಬ್ಬಿಣ. ಜೈಲಿನಿಂದ ತಪ್ಪಿಸಿಕೊಂಡು ಟಿವಿ ಸ್ಟುಡಿಯೊಗೆ ನುಗ್ಗಿ, ಭಾರಗಳನ್ನು ಹರಿದೊಗೆದು, ಒಬ್ಬ ನರ್ತಕಿಯ ಕೈಹಿಡಿದು ಕುಣಿಯುತ್ತಾನೆ. ಡಯಾನಾ ಮೂನ್ ಗ್ಲಾಂಪರ್ಸ್ ಎಂಬ ಅಧಿಕಾರಿಣಿ ಜೋಡುನಳಿಗೆ ಕೋವಿಯೊಂದಿಗೆ ಬಂದು ಇಬ್ಬರನ್ನೂ ಕೊಲ್ಲುತ್ತಾಳೆ. ಯಾರಿಗೆ ಎಷ್ಟು ಭಾರ ಹೇರಬೇಕೆಂದು ನಿರ್ಧರಿಸುವ ಇಲಾಖೆಯ ಮುಖ್ಯಸ್ಥೆ ಅವಳೇ. ಹೇಝಲ್ ಅವಳನ್ನೇ ಹೋಲುತ್ತಾಳೆ ಎಂದು ಕಥೆ ಹೇಳುತ್ತದೆ. ಹಾಗಾದರೆ ಡಯಾನಾಳೂ ಸಾಧಾರಣಳೇ, ಅವಳಿಗೆ ಚೀಲ ಯಾಕೆ ಎಂದು ಯಾರಾದರೂ ಕೇಳಬಹುದು. ಸರಿ, ಆದರೆ ಅವಳ ಕೈಯ ಕೋವಿ ಸಾಧಾರಣವೇ? ಮಗನ ಸಾವನ್ನು ಕಣ್ಣಾರೆ ಕಂಡು ಅತ್ತ ತಾಯಿಗೆ ಕೆಲವೇ ಕ್ಷಣಗಳಲ್ಲಿ ಯಾಕೆ ಅತ್ತೆ ಎಂಬುದೇ ಮರೆತುಹೋಗುತ್ತದೆ. ಬಿಯರ್ ತರಲು ಅಡುಗೆಮನೆಗೆ ಹೋಗಿದ್ದ ತಂದೆ ಅದನ್ನು ನೋಡಿಯೇ ಇಲ್ಲ. ನನ್ನ ಮಟ್ಟಿಗೆ ಕಥೆಯ ನಿಜವಾದ ಘೋರ ಇರುವುದು ಗುಂಡೇಟಿಗಿಂತ ಹೆಚ್ಚಾಗಿ ಈ ಮರೆವಿನಲ್ಲಿ.

ವಾನೆಗಟ್‌ಗಿಂತ ನಲವತ್ತು ವರ್ಷ ಮೊದಲೇ ರಷ್ಯಾದ ಯೆವ್ಗೆನಿ ಜಮ್ಯಾಟಿನ್ ಇಂಥದೇ ಜಾಗಕ್ಕೆ ತಲುಪಿದ್ದ. ಅವನು ಹಡಗು ಎಂಜಿನಿಯರ್. ಜೀವನವನ್ನೆಲ್ಲ ಲೆಕ್ಕಕ್ಕೆ ಕೂರಿಸುವ ಹುಚ್ಚು ಎಂಥದ್ದೆಂದು ಬಲ್ಲವನು. ಅವನ ‘ನಾವು’ ಕಾದಂಬರಿಯಲ್ಲಿ ಜನರಿಗೆ ಹೆಸರಿಲ್ಲ, ನಂಬರು. ಗೋಡೆಗಳೆಲ್ಲ ಗಾಜು. ಏಳುವುದು, ಉಣ್ಣುವುದು, ಮಲಗುವುದು ಎಲ್ಲರೂ ಒಂದೇ ನಿಮಿಷಕ್ಕೆ. ಆದರೂ ಕಥಾನಾಯಕ ಡಿ-503ಕ್ಕೆ ಒಂದು ಕೊರಗು: ಮೂಗುಗಳು ಇನ್ನೂ ಒಂದೇ ಥರ ಆಗಿಲ್ಲ, ಕೆಲವರದು ಗುಂಡಿಯಂತೆ, ಕೆಲವರದು ನೀಳ, ಅಷ್ಟರಮಟ್ಟಿಗೆ ಅಸೂಯೆಗೆ ಜಾಗ ಉಳಿದಿದೆ! ಬ್ರಿಟನ್ನಿನ ಎಲ್.ಪಿ. ಹಾರ್ಟ್ಲಿ 1960ರ ‘ಫೇಷಿಯಲ್ ಜಸ್ಟಿಸ್’ ಕಾದಂಬರಿಯಲ್ಲಿ ಆ ಕೊರಗನ್ನೂ ನೀಗಿಸಿದ. ಅಲ್ಲಿ ಹೆಂಗಸರ ಮುಖಗಳನ್ನೇ ಶಸ್ತ್ರಚಿಕಿತ್ಸೆಯಿಂದ ಸಾಧಾರಣ ಮಾಡುತ್ತಾರೆ. ಆದರೆ ಸರ್ವಾಧಿಕಾರಿಯ ಮುಖ ಜನರಿಗೆ ಕಾಣುವುದಿಲ್ಲ, ಕೇಳುವುದು ದನಿ ಮಾತ್ರ. ‘ನಾವು’ ಕಾದಂಬರಿಯಲ್ಲೂ ಗಾಜಿನ ಮನೆಗಳ ಮೇಲೊಬ್ಬ ‘ಉಪಕಾರಿ’ ಕುಳಿತಿದ್ದಾನೆ. ಎಲ್ಲರೂ ಕೈಯೆತ್ತಿ ಪ್ರತಿ ವರ್ಷ ಅವನನ್ನೇ ಆರಿಸಬೇಕು. ಕೊನೆಗೆ ಡಿ-503ರ ಮಿದುಳಿನಿಂದ ಕಲ್ಪನೆಯನ್ನು ಕಿರಣ ಹಾಯಿಸಿ ತೆಗೆಯುತ್ತಾರೆ. ಪ್ರೀತಿಸಿದ ಹೆಣ್ಣಿಗೆ ಚಿತ್ರಹಿಂಸೆ ಕೊಡುವುದನ್ನು ಅವನು ಆರಾಮಾಗಿ ಕುಳಿತು ನೋಡುತ್ತಾನೆ. ಹೇಝಲ್‌ಳ ಮರೆವು, ಇವನ ಆರಾಮ, ಎರಡೂ ಒಂದೇ ಕಸಾಯಿಖಾನೆಯ ಮಾಲು.

ವ್ಯಕ್ತಿತ್ವ ಅಳಿಯಲು ಸಮಾನತೆಯೇ ಬೇಕೆಂದೂ ಇಲ್ಲ. ಆಲ್ಡಸ್ ಹಕ್ಸ್‌ಲಿಯ 1932ರ ‘ಬ್ರೇವ್ ನ್ಯೂ ವರ್ಲ್ಡ್’ ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿ ಆಲ್ಫಾದಿಂದ ಎಪ್ಸಿಲಾನ್‌ವರೆಗೆ ಐದು ಶ್ರೇಣಿಗಳು. ಒಂದೇ ಅಂಡಾಣುವಿನಿಂದ 96ರವರೆಗೆ ತದ್ರೂಪಿಗಳನ್ನು ತೆಗೆಯುತ್ತಾರೆ, ಅವರ ಕಸುಬು ಭ್ರೂಣ ಬೆಳೆಯುವ ಬಾಟಲಿಯಲ್ಲೇ ನಿಗದಿ. ಹುಟ್ಟುವ ಮೊದಲೇ ಕಸುಬು ಗೊತ್ತಾಗುವುದೆಂದರೇನೆಂದು ಭಾರತೀಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಒಬ್ಬರ ಹಾಗೆ ಇನ್ನೊಬ್ಬರನ್ನು ಎರಕ ಹೊಯ್ಯುವ ಕೆಲಸವನ್ನು ಮೇಲು-ಕೀಳಿನ ಸಮಾಜವೂ ಅಷ್ಟೇ ಚೆನ್ನಾಗಿ ಮಾಡಬಲ್ಲದು.

ಇದೆಲ್ಲ ಕಥೆಯಾಯಿತು, ಚರಿತ್ರೆ ಏನು ಹೇಳುತ್ತದೆ ಎಂಬ ಆಕ್ಷೇಪ ಗಟ್ಟಿಯಾದದ್ದು. 1975ರ ಏಪ್ರಿಲ್ 17ರಂದು ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ಗೆ ನುಗ್ಗಿದ ಖ್ಮೇರ್ ರೂಜ್ ಪಡೆ ನಗರವನ್ನೇ ಖಾಲಿ ಮಾಡಿಸಿತು. ಹಣವನ್ನು ರದ್ದು ಮಾಡಿತು, ಎಲ್ಲರಿಗೂ ಕಪ್ಪು ಬಟ್ಟೆ ತೊಡಿಸಿತು, ಮನೆಯ ಒಲೆ ಆರಿಸಿ ಸಾಮೂಹಿಕ ಊಟಕ್ಕೆ ಕೂರಿಸಿತು. ಸಮಾನತೆಯ ಹೆಸರಲ್ಲಿ ನಡೆದ ಈ ಪ್ರಯೋಗದ ಸುಮಾರು ನಾಲ್ಕು ವರ್ಷಗಳಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು. ಇದನ್ನು ಒಪ್ಪದೆ ಗತ್ಯಂತರವಿಲ್ಲ. ಆದರೆ ಅದೇ ಆಡಳಿತ ಜನರನ್ನು ಮೊದಲ ದಿನದಿಂದಲೇ ಎರಡು ಪಾಲು ಮಾಡಿತ್ತು: ಹಳ್ಳಿಗಳ ‘ಮೂಲ ಜನ’ ಮತ್ತು ಪಟ್ಟಣಗಳಿಂದ ಅಟ್ಟಿಸಿಕೊಂಡು ಬಂದ ‘ಹೊಸ ಜನ’. ಇಬ್ಬರ ಮೇಲೂ ‘ಅಂಗ್ಕಾರ್’ ಎಂಬ ಪಕ್ಷಸಂಘಟನೆ. ಅದಕ್ಕೆ ಎದುರು ಕೇಳುವಂತಿರಲಿಲ್ಲ. ಬಟ್ಟೆಯ ಬಣ್ಣ ಒಂದೇ ಆಯಿತು, ಜೀವದ ಬೆಲೆ ಒಂದೇ ಆಗಲಿಲ್ಲ.

ಇನ್ನೊಂದು ಆಕ್ಷೇಪ: ವಾನೆಗಟ್ ಗೇಲಿ ಮಾಡಿದ್ದು ಸಮಾನತೆಯನ್ನೇ, ಅವನ ಪರವಾಗಿ ನಾವು ಕ್ಷಮೆ ಕೇಳಬೇಕಿಲ್ಲ ಎಂಬುದು. ಗೇಲಿ ಇದೆ, ಚೂಪಾಗಿಯೇ ಇದೆ. ಆದರೆ 2005ರಲ್ಲಿ ಕಾನ್ಸಾಸ್ ರಾಜ್ಯದ ಶಾಲೆಗಳ ಹಣಕಾಸಿನ ಮೊಕದ್ದಮೆಯಲ್ಲಿ ಶ್ರೀಮಂತ ಜಿಲ್ಲೆಗಳ ಪರ ವಕೀಲರು ಈ ಕಥೆಯನ್ನು ಆಧಾರವಾಗಿ ಬಳಸಿದಾಗ ವಾನೆಗಟ್ ಇನ್ನೂ ಬದುಕಿದ್ದ. ಅವರು ಕಥೆಯನ್ನು ತಪ್ಪಾಗಿ ಓದಿದ್ದಾರೆ, ತಾನು ಬರೆದದ್ದು ಪ್ರತಿಭೆ ಮತ್ತು ಬುದ್ಧಿಯ ಬಗ್ಗೆ, ದುಡ್ಡಿರುವುದು ಎರಡಕ್ಕೂ ಪುರಾವೆಯಲ್ಲ ಎಂದ. ಬಡ ಮಕ್ಕಳ ಶಾಲೆಗೆ ಹಣ ಕೊಡುವುದು ಹ್ಯಾರಿಸನ್ನನ ಮೈಮೇಲೆ ಕಬ್ಬಿಣ ಹೇರಿದಂತೆ ಹೇಗಾಗುತ್ತದೆ? ಭಾರ ಹೇರುವುದು ಬೇರೆ, ಇಳಿಸುವುದು ಬೇರೆ. ನಮ್ಮ ಮೀಸಲಾತಿ ಚರ್ಚೆಗಳಲ್ಲೂ ಐದು ಬೆರಳಿನ ಮಾತು ಆಡುವವರು ಇವೆರಡನ್ನು ಸಲೀಸಾಗಿ ಬೆರೆಸಿಬಿಡುತ್ತಾರೆ.

ಇಂಥ ಬೆರಕೆ ಅಮೆರಿಕದ ಸುಪ್ರೀಂ ಕೋರ್ಟಿನಲ್ಲೂ ಆಗಿದೆ. ಕೇಸಿ ಮಾರ್ಟಿನ್ ಎಂಬ ಗಾಲ್ಫ್ ಆಟಗಾರನ ಬಲಗಾಲಿಗೆ ಹುಟ್ಟಿನಿಂದಲೇ ರಕ್ತಸಂಚಾರದ ತೊಂದರೆ, ನಡೆದರೆ ಅಸಾಧ್ಯ ನೋವು. ಮೈದಾನದಲ್ಲಿ ಪುಟ್ಟ ಗಾಡಿಯಲ್ಲಿ ಓಡಾಡಲು ಬಿಡಿ ಎಂದು ಅವನು ಕೇಳಿದ; ವೃತ್ತಿಪರ ಟೂರ್ನಿಯವರು ಒಪ್ಪಲಿಲ್ಲ. 2001ರಲ್ಲಿ ಪ್ರಕರಣ ತೀರ್ಮಾನವಾದಾಗ ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ ತಮ್ಮ ಭಿನ್ನ ತೀರ್ಪನ್ನು ಮುಗಿಸುತ್ತ ‘ಹ್ಯಾರಿಸನ್ ಬರ್ಜರಾನ್’ ಕಥೆಯನ್ನು ನೆನಪಿಸಿದರು. ಆದರೆ ಕೆಳಗಿನ ನ್ಯಾಯಾಲಯ ಕಂಡುಕೊಂಡಿದ್ದೇ ಬೇರೆ: ಗಾಡಿ ಇದ್ದರೂ ಮಾರ್ಟಿನ್ ಪಡುವ ಆಯಾಸ ನಡೆದಾಡುವ ಉಳಿದವರ ಆಯಾಸಕ್ಕಿಂತ ಹೆಚ್ಚು. ಸುಪ್ರೀಂ ಕೋರ್ಟು 7–2 ಬಹುಮತದಿಂದ ಅವನಿಗೆ ಗಾಡಿ ಕೊಟ್ಟಿತು. ಉಳಿದ ಆಟಗಾರರು ಮೊದಲಿನಂತೆಯೇ ಆಡಿದರು.