ಆಟ ಆಡುವ ಕೈ, ಆಟ ಕಟ್ಟುವ ಕೈ

ಮಗು ಗಣಕಯಂತ್ರದ ಮುಂದೆ ಕುಳಿತಿತೆಂದರೆ ಮನೆಯ ಹಿರಿಯರ ಎದೆಯಲ್ಲಿ ಅಳುಕು ಹುಟ್ಟುತ್ತದೆ. ಆ ಅಳುಕು ನಿರಾಧಾರವೆಂದು ನಾವು ಹೇಳಲಾರೆವು. ಆದರೆ ಅನ್ಯರು ಕಟ್ಟಿದ ಆಟವನ್ನು ಆಡುತ್ತ ಕೂಡುವುದು ಬೇರೆ, ತಾನೇ ಆಟವೊಂದನ್ನು ಕಟ್ಟುವುದು ಬೇರೆ. ಈ ಭೇದವನ್ನು ನಾವು ಅರಿತದ್ದು ಅರವತ್ತು ದಾಟಿದ ಮೇಲೆ, ಏಳನೆಯ ಇಯತ್ತೆಯಲ್ಲಿ ಓದುವ ಮೊಮ್ಮಗನ ಪಕ್ಕದಲ್ಲಿ ಕುಳಿತಾಗ.

ಬೇಸಿಗೆಯ ರಜೆಯಲ್ಲಿ ಹುಡುಗನಿಗೆ ಆಟದ ಹುಚ್ಚು ಹಿಡಿಯಿತು. ಅವನ ತಂದೆ, ಅಂದರೆ ನಮ್ಮ ಮಗ, ಗಣಕವನ್ನೇ ಕಟ್ಟಿಡಲು ಹೊರಟನು. ಅವನ ಸಿಟ್ಟಿಗೆ ಹಳೆಯ ಕಾರಣವೊಂದಿತ್ತು. 2003ರಲ್ಲಿ ಅವನು ಸಾಲ ಮಾಡಿ ಶುಲ್ಕ ಕಟ್ಟಿ, ಚಿತ್ರಗಳಿಗೆ ಚಲನೆ ಕೊಡುವ ಫ್ಲ್ಯಾಶ್ ಎಂಬ ತಂತ್ರಾಂಶವನ್ನೂ ಅದರ ಆಕ್ಷನ್‌ಸ್ಕ್ರಿಪ್ಟ್ ಎಂಬ ಆಜ್ಞಾಭಾಷೆಯನ್ನೂ ಕಲಿತಿದ್ದನು. 1996ರಲ್ಲಿ ಫ್ಯೂಚರ್‌ಸ್ಪ್ಲ್ಯಾಶ್ ಎಂಬ ಹೆಸರಿನಿಂದ ಹುಟ್ಟಿದ ಆ ತಂತ್ರಾಂಶ ಮ್ಯಾಕ್ರೋಮೀಡಿಯಾ ಸಂಸ್ಥೆಯ ಕೈಸೇರಿ ಫ್ಲ್ಯಾಶ್ ಆಯಿತು. 2005ರಲ್ಲಿ ಆ ಸಂಸ್ಥೆಯೇ ಅಡೋಬಿಯ ಪಾಲಾಯಿತು. ಅಡೋಬಿಯು 2020ರ ಡಿಸೆಂಬರ್ 31ರಂದು ಫ್ಲ್ಯಾಶ್ ಪ್ಲೇಯರನ್ನು ಕೈಬಿಟ್ಟಿತು. 2021ರ ಜನವರಿ 12ರಿಂದ ಅದರಲ್ಲಿ ಯಾವ ಚಿತ್ರವೂ ಓಡದಂತೆ ತಡೆಯಿತು. ಮಗನು ಕಟ್ಟಿದ್ದೆಲ್ಲ ಒಂದೇ ಏಟಿಗೆ ಮೂಕವಾಯಿತು. "ಕಲತದ್ದೆಲ್ಲಾ ನೀರಾಗ ಹೋತು" ಎಂಬುದು ಅವನ ನಿತ್ಯದ ಮಾತು.

ನಾವು ಹತ್ತು ದಿನದ ಗಡುವು ಬೇಡಿದೆವು. ಹುಡುಗನು ಆಡಬಾರದು, ಕಟ್ಟಬಹುದು ಎಂದು ಒಪ್ಪಂದವಾಯಿತು.

ಅದಕ್ಕೆ ಆರಿಸಿಕೊಂಡದ್ದು ಸ್ಕ್ರ್ಯಾಚ್. ಅಮೆರಿಕೆಯ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ಬಳಗವು ಮಕ್ಕಳಿಗಾಗಿ ಸಿದ್ಧಪಡಿಸಿ 2007ರಲ್ಲಿ ಲೋಕಕ್ಕೆ ಉಚಿತವಾಗಿ ಕೊಟ್ಟದ್ದು ಇದು. ಇಲ್ಲಿ ಆಜ್ಞೆಗಳನ್ನು ಅಕ್ಷರಗಳಲ್ಲಿ ಬರೆಯಬೇಕಿಲ್ಲ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಸಾಕು. ಹಾಗೆ ಜೋಡಿಸಿದ ಸರಣಿಗೇ ಸ್ಕ್ರಿಪ್ಟ್ ಎಂದು ಹೆಸರು. ತೆರೆದೊಡನೆ ಕಿತ್ತಳೆ ಬಣ್ಣದ ಬೆಕ್ಕೊಂದು ರಂಗದ ನಡುವೆ ನಿಂತಿರುತ್ತದೆ. ರಂಗದ ಅಗಲ 480, ಎತ್ತರ 360, ನಟ್ಟನಡುವೆ ಸೊನ್ನೆ. ಬಲಕ್ಕೆ 240ರವರೆಗೆ, ಎಡಕ್ಕೆ ಋಣ 240ರವರೆಗೆ. ಋಣಸಂಖ್ಯೆ ಎಂದರೆ ಮುಖ ಸಿಂಡರಿಸುತ್ತಿದ್ದ ಹುಡುಗನು, ಬೆಕ್ಕು ಎಡಕ್ಕೆ ಹೋಗಬೇಕಾದಾಗ ಯಾರೂ ಹೇಳದೆ ಋಣಚಿಹ್ನೆಯನ್ನು ಒತ್ತಿದನು. ನಮಗೆ ಅಂದೇ ಅರ್ಧ ಫಲ ಸಿಕ್ಕಿತು.

ಬೆಕ್ಕಿಗೆ ಎರಡು ವೇಷಗಳಿವೆ. ಅವನ್ನು ಬದಲಿಸುತ್ತ ಹತ್ತು ಹತ್ತು ಹೆಜ್ಜೆ ಸರಿಸಿದರೆ ಅದು ನಡೆದಂತೆ ಕಾಣುತ್ತದೆ. ಇದು ಬರಿಯ ಚಲನೆ. ನೋಡುವವರು ಇದ್ದರೂ ಇಲ್ಲದಿದ್ದರೂ ಒಂದೇ ಪರಿಯಲ್ಲಿ ಸಾಗುವಂಥದು. 'ಬಲಬಾಣದ ಕೀಲಿಯನ್ನು ಒತ್ತಿದರೆ ಬಲಕ್ಕೆ ಸರಿ' ಎಂಬ ಷರತ್ತು ಸೇರಿದಾಗ ಮಾತ್ರ ಚಿತ್ರವು ನಮ್ಮ ಮಾತು ಕೇಳತೊಡಗುತ್ತದೆ. ಆಟದ ಹುಟ್ಟು ಅಲ್ಲಿ.

ಹುಡುಗನು ಚೆಂಡು ಮತ್ತು ಹಲಗೆಯ ಆಟವನ್ನು ಕಟ್ಟಿದನು. 'ಚೆಂಡು ಹಲಗೆಯನ್ನು ಮುಟ್ಟಿದರೆ ಪುಟಿಯಲಿ' ಎಂಬ ಆಜ್ಞೆಯನ್ನೂ ಇಟ್ಟನು. ಆದರೂ ಚೆಂಡು ಹಲಗೆಯನ್ನು ತೂರಿ ಕೆಳಗಿಳಿಯಿತು. ಯಂತ್ರ ಕೆಟ್ಟಿದೆ ಎಂದನು. ಕೆಟ್ಟಿರಲಿಲ್ಲ. ಆ ಷರತ್ತನ್ನು ಅವನು 'ಸದಾಕಾಲ' ಎಂಬ ಆವರ್ತದ ಹೊರಗೆ ಇಟ್ಟಿದ್ದನು. ಹಸಿರು ಬಾವುಟವನ್ನು ಒತ್ತಿದ ಕ್ಷಣದಲ್ಲಿ ಯಂತ್ರವು ಒಮ್ಮೆ ನೋಡಿತು, ಮುಟ್ಟಿಲ್ಲವೆಂದು ಕಂಡು ಸುಮ್ಮನಾಯಿತು. ಮಠದ ಪಾಠಶಾಲೆಯಲ್ಲಿ ನಾವು ವ್ಯಾಕರಣ ಓದುವಾಗ, ಅಧಿಕಾರಸೂತ್ರದ ಆಳ್ವಿಕೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಮರೆತು ಗುರುಗಳಿಂದ ಎಷ್ಟೋ ಸಲ ಬೈಸಿಕೊಂಡದ್ದುಂಟು. ಆದ್ದರಿಂದ ಈ ತಪ್ಪು ನಮಗೆ ಬೇಗನೆ ಕಣ್ಣಿಗೆ ಬಿತ್ತು.

ಮುಂದಿನ ತಪ್ಪು ಅಷ್ಟು ಸುಲಭದ್ದಲ್ಲ. ಸ್ಕ್ರ್ಯಾಚ್‌ನಲ್ಲಿ ಮೇಲ್ಮುಖಕ್ಕೆ 0, ಬಲಕ್ಕೆ 90, ಕೆಳಮುಖಕ್ಕೆ 180 ಎಂದು ದಿಕ್ಕಿನ ಎಣಿಕೆ. ಚೆಂಡು ಪುಟಿಯಲು 180ರಿಂದ ಅದರ ದಿಕ್ಕನ್ನು ಕಳೆಯಬೇಕು. 150ರ ದಿಕ್ಕಿನಲ್ಲಿ ಬೀಳುವುದು 30ರ ದಿಕ್ಕಿನಲ್ಲಿ ಏಳುತ್ತದೆ. ಆದರೆ ಹಲಗೆಯ ಪಕ್ಕ ತಗಲಿದಾಗ ಚೆಂಡು ಅಲ್ಲಿಯೇ ಸಿಕ್ಕಿಕೊಂಡು ಜ್ವರ ಬಂದವರಂತೆ ನಡುಗುತ್ತಿತ್ತು. ಎರಡು ದಿನ ಹುಡುಗನೂ ನಾವೂ ತಲೆ ಕೆಡಿಸಿಕೊಂಡೆವು. ಗಡುವಿನ ಒಂಬತ್ತನೆಯ ದಿನ ಅವನು ಅಳುವ ಸ್ಥಿತಿಗೆ ಬಂದಿದ್ದನು.

ಬಾಗಿಲಲ್ಲಿ ಚಹದ ಬಟ್ಟಲು ಹಿಡಿದು ನಿಂತಿದ್ದ ಮಗನು ಇದ್ದಕ್ಕಿದ್ದಂತೆ, "ಅದು ಇನ್ನೂ ಹಲಗಿಗೆ ಹತ್ತಿಕೊಂಡೇ ಐತಿ. ಸೆಕೆಂಡಿಗೆ ಮೂವತ್ತು ಸಲ ತಿರಗತೈತಿ. ಕೆಳಗ ಬರತಿದ್ದರ ಅಷ್ಟ ತಿರಗು ಅಂತ ಹೇಳು" ಎಂದನು. ಫ್ಲ್ಯಾಶ್‌ನಲ್ಲಿ ಅವನ ಚೆಂಡೂ ಹೀಗೆಯೇ ನಡುಗಿತ್ತಂತೆ. ಬಟ್ಟಲು ಕೆಳಗಿಟ್ಟು ಬಂದು, ಕೆಳಗೆ ಹೋದಷ್ಟೂ ಸಂಖ್ಯೆ ಏರುತ್ತದೆ ಎಂದು ವಿವರಿಸತೊಡಗಿದನು. "ಇಲ್ಲಪ್ಪಾ, ಇಲ್ಲಿ ಇಳೀತೈತಿ" ಎಂದನು ಹುಡುಗ. ಫ್ಲ್ಯಾಶ್‌ನ ಸೊನ್ನೆ ಎಡಮೇಲಿನ ಮೂಲೆಯಲ್ಲಿತ್ತು, ಇದರದು ನಡುವೆ ಇದೆ. ಮೇಲೆ-ಕೆಳಗಿನ ಎಣಿಕೆಯ ದಿಕ್ಕೂ ತಿರುವುಮುರುವು. 2013ರ ಸ್ಕ್ರ್ಯಾಚ್ ಆವೃತ್ತಿಯನ್ನು ಕಟ್ಟಿದ್ದೇ ಆಕ್ಷನ್‌ಸ್ಕ್ರಿಪ್ಟ್‌ನಲ್ಲಿ. 2019ರ ಜನವರಿಯಲ್ಲಿ ಅದನ್ನು ಜಾವಾಸ್ಕ್ರಿಪ್ಟ್‌ಗೆ ಬದಲಿಸಿದರು. ಇದನ್ನು ತಿಳಿಸಿದಾಗ ಮಗನು ಬಹಳ ಹೊತ್ತು ಮಾತನಾಡಲಿಲ್ಲ.

ಅಂದು ರಾತ್ರಿ ಅವನು ಕಪಾಟಿನ ತಳದಿಂದ ಹಳೆಯ ಸಿ.ಡಿ.ಯೊಂದನ್ನು ತೆಗೆದನು. ಫ್ಲ್ಯಾಶ್ ಕಡತಗಳನ್ನು ಇಂದಿನ ಗಣಕಗಳಲ್ಲಿ ಓಡಿಸಲು ರಫಲ್ ಎಂಬ ಉಚಿತ ತಂತ್ರಾಂಶವಿದೆ. ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯು 2020ರ ನವೆಂಬರಿನಿಂದ ಹಳೆಯ ಫ್ಲ್ಯಾಶ್ ಕೃತಿಗಳನ್ನು ಕಾಪಿಟ್ಟು ತೋರಿಸುತ್ತಿರುವುದೂ ಇದರ ನೆರವಿನಿಂದಲೇ. ಎರಡು ಕಡತಗಳು ತೆರೆಯಲಿಲ್ಲ. ಮೂರನೆಯದರಲ್ಲಿ ಎತ್ತಿನ ಬಂಡಿಯೊಂದು ಕಲ್ಲುಗಳ ನಡುವೆ ಹೊರಟಿತು.

ಹುಡುಗನು ಬಾಣದ ಕೀಲಿಗಳ ಮೇಲೆ ಬೆರಳಿಟ್ಟು ನಾಲ್ಕು ಸಲ ಆಡಿ ನೋಡಿ, "ಅಪ್ಪಾ, ಬಂಡಿ ಕಲ್ಲಿಗೆ ಬಡದ್ರೂ ಅಂಕ ಕಮ್ಮಿ ಆಗವಲ್ದು. ಯಾಕ?" ಎಂದು ಕೇಳಿದನು.

ಮಗನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತನು.