ಮಗುಚಿ ಹಾಸಿದರೂ ಅದೇ ನವಿಲು: ನವಲಗುಂದದ ಜಮಖಾನ

ನೆಲಕ್ಕೆ ಹಾಸಿದ್ದನ್ನು ಮಗುಚಿ ನೋಡುವ ಅಭ್ಯಾಸ ನಮಗೆ ಇಲ್ಲ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನ, ಆ ಹತ್ತಿಯ ನೆಲಹಾಸು, ಕೈಗೆ ಸಿಕ್ಕರೆ ಮಾತ್ರ ಮಗುಚಿಯೇ ನೋಡಬೇಕು. ಮೇಲಿದ್ದ ನವಿಲು ಅಡಿಯಲ್ಲೂ ಇರುತ್ತದೆ, ಅದೇ ಬಣ್ಣದಲ್ಲಿ, ಅಷ್ಟೇ ಚೊಕ್ಕವಾಗಿ. ಬೆನ್ನಿಗೆ ಅಂಟು ಬಳಿದಿಲ್ಲ, ರಬ್ಬರು ಮೆತ್ತಿಲ್ಲ. ಒಂದು ಮಗ್ಗುಲು ಮಾಸಿತೆಂದರೆ ಇನ್ನೊಂದು ಮಗ್ಗುಲು ಹಾಸಿಕೊಂಡು ಮತ್ತಷ್ಟು ವರ್ಷ ಕಳೆಯಬಹುದು.

ನಾನಿರುವ, ಬೆಂಗಳೂರಿನ ಅಂಚಿನ ಹೆಬ್ಬಗೋಡಿಯಲ್ಲಿ ಹೊಸ ಮನೆಗಳು ಏಳುತ್ತಲೇ ಇವೆ. ಟೈಲ್ಸ್ ನೆಲ ಕಾಲಿಗೆ ತಣ್ಣಗೆ ಹತ್ತುತ್ತದೆ, ಹಾಸಲು ಏನಾದರೂ ಬೇಕೇ ಬೇಕು. ಎಲ್ಲರ ಮನೆಗೂ ಬರುವುದು ಯಂತ್ರದ ಕಾರ್ಪೆಟ್ಟು, ಪಾಲಿಯೆಸ್ಟರ್ ನೂಲಿನದು. ಬೊಮ್ಮಸಂದ್ರ, ಜಿಗಣಿಯ ಕಾರ್ಖಾನೆಗಳಿಗೆ ದುಡಿಯಲು ಬಂದ ಹುಬ್ಬಳ್ಳಿ-ಧಾರವಾಡದ ಕಡೆಯವರು ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಜಮಖಾನ ಎಂದರೆ ಏನೆಂದು ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಹೇಳಬೇಕಾದದ್ದು ಉಳಿದ ನಮ್ಮಂಥವರಿಗೆ.

ಹಾಗೆಂದು ಎರಡು ಮಗ್ಗುಲಿನ ಹಾಸು ಬೆಂಗಳೂರಿಗೆ ಹೊಸದೇನಲ್ಲ. 1897ರಲ್ಲಿ ಬಿ.ಎಲ್. ರೈಸ್ ಹೊರತಂದ ಮೈಸೂರು ಗೆಜೆಟಿಯರ್ ಬೆಂಗಳೂರಿನ ರತ್ನಗಂಬಳಿಗಳ ಬಗ್ಗೆ ಎರಡು ಮಾತು ಮೆಚ್ಚಿ ಬರೆಯುತ್ತದೆ: ಬಹುಕಾಲ ಬಾಳುತ್ತವೆ, ಎರಡೂ ಬದಿಗೆ ಒಂದೇ ಚಿತ್ತಾರ ಇರುತ್ತದೆ. ಆ ಕಾಲಕ್ಕೆ ಇಲ್ಲಿನ ಸೆಂಟ್ರಲ್ ಜೈಲಿನಲ್ಲಿ ಕೈದಿಗಳು ಪರ್ಷಿಯಾ, ಟರ್ಕಿಯ ಮಾದರಿಯ ರತ್ನಗಂಬಳಿಗಳನ್ನೂ ನೇಯುತ್ತಿದ್ದರು. ಇಂದು ಬೆಂಗಳೂರು ರತ್ನಗಂಬಳಿ ಎಂದರೆ ಯಾರೂ ತಿರುಗಿ ನೋಡರು. ಒಂದು ಊರಿನ ಹೆಸರು ಹೊತ್ತ ಕಸುಬು ಹೇಗೆ ಸದ್ದಿಲ್ಲದೆ ಕಣ್ಮರೆಯಾಗುತ್ತದೆ ಎನ್ನುವುದಕ್ಕೆ ನಮ್ಮ ಊರೇ ಸಾಕ್ಷಿ. ನವಲಗುಂದದ ಮೇಲೆ ನನಗೆ ಕಾಳಜಿ ಹುಟ್ಟಿದ್ದು ಇದರಿಂದಲೇ.

ಹುಬ್ಬಳ್ಳಿಯಿಂದ ವಿಜಯಪುರದ ದಾರಿ ಹಿಡಿದರೆ ಸುಮಾರು ಒಂದು ಗಂಟೆಗೆ ನವಲಗುಂದ. ಸುತ್ತ ಎರೆಭೂಮಿ, ಹತ್ತಿ ಬೆಳೆಯುವ ಸೀಮೆ. ನಾಡಿಗೆ ಈ ಊರು ಹೆಚ್ಚು ಗೊತ್ತಿರುವುದು 1980ರ ರೈತ ಬಂಡಾಯದಿಂದ, ಆಮೇಲೆ ಮಹದಾಯಿ ನದಿನೀರಿನ ಹೋರಾಟದಿಂದ. ಹೋಳಿಗೆ ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಜನ ಸಾಲುಗಟ್ಟುತ್ತಾರೆ. ಅದೇ ಊರಿನಲ್ಲಿ ಜಮಖಾನದ ಮಗ್ಗಗಳಿವೆ. ಬಿಜಾಪುರದ ಆದಿಲಶಾಹಿಗಳ ಆಶ್ರಯದಲ್ಲಿದ್ದ ನೇಕಾರರು ಅಲ್ಲಿನ ಗದ್ದಲಕ್ಕೆ ಬೇಸತ್ತು, ನೆಮ್ಮದಿಯ ನೆಲೆ ಅರಸಿ ಇಲ್ಲಿಗೆ ಬಂದು ನಿಂತರು ಎಂಬುದು ಇಲ್ಲಿ ತಲೆತಲಾಂತರದಿಂದ ಬಂದ ಮಾತು. ಈಗ ನೇಯುತ್ತಿರುವವರು ಆ ನೇಕಾರರ ಮುಸ್ಲಿಂ ಮನೆತನಗಳ ಹೆಣ್ಣುಮಕ್ಕಳು. ಮನೆಗೆಲಸದ ನಡುವೆಯೇ ಮಗ್ಗಕ್ಕೆ ಕೂರುತ್ತಾರೆ.

ಮಗ್ಗ ಎಂದೊಡನೆ ಕಣ್ಣಿಗೆ ಬರುವ ಗುಂಡಿ, ಲಾಳಿ, ಟಕಟಕ ಸದ್ದು ಯಾವುದೂ ಇಲ್ಲಿಲ್ಲ. ಇದು ನೆಟ್ಟಗೆ ನಿಂತ ಮಗ್ಗ. ಮೇಲೊಂದು ತೊಲೆ, ಕೆಳಗೊಂದು ತೊಲೆ, ನಡುವೆ ಬಿಗಿಯಾಗಿ ಎಳೆದು ಕಟ್ಟಿದ ಹತ್ತಿಯ ಹಾಸುನೂಲು. ಅದರ ಮುಂದೆ ಕೂತು ನೇಯುವಾಕೆ ಬಣ್ಣದ ನೂಲಿನ ಸಣ್ಣ ಉಂಡೆಗಳನ್ನು ಬೆರಳಲ್ಲೇ ಹಾಸಿನ ಎಳೆಗಳ ನಡುವೆ ತೂರಿಸುತ್ತಾಳೆ. ಹಳದಿ ಬೇಕಾದಲ್ಲಿಗೆ ಹಳದಿ, ಅದು ಮುಗಿದಲ್ಲಿ ಕೆಂಪು. ಒಂದು ಬಣ್ಣವೂ ಈ ಅಂಚಿನಿಂದ ಆ ಅಂಚಿನವರೆಗೆ ಓಡುವುದಿಲ್ಲ. ತನ್ನ ಪಾಲಿನ ಜಾಗದಲ್ಲೇ ಹೋಗಿ ಬಂದು ಮಾಡುತ್ತದೆ. ಒಂದು ಸಾಲು ತುಂಬಿದ ಮೇಲೆ ಪಂಜಾ ಕೈಗೆ ಬರುತ್ತದೆ. ಬಾಗಿದ ಹಲ್ಲುಗಳಿರುವ ಕಬ್ಬಿಣದ ಈ ಸಲಕರಣೆ ಬಾಚಣಿಗೆಯಂತಿದೆ. ಅದರಿಂದ ಬಡಿದು ಬಡಿದು ಹೊಕ್ಕುನೂಲನ್ನು ಕೆಳಕ್ಕೆ ಕೂರಿಸಬೇಕು. ಹಾಸುನೂಲು ಕಾಣದಂತೆ ಮುಚ್ಚಿಹೋಗುವವರೆಗೂ ಬಡಿತ ನಿಲ್ಲುವುದಿಲ್ಲ. ಎರಡೂ ಮಗ್ಗುಲಿಗೆ ಒಂದೇ ಚಿತ್ರ ಮೂಡುವುದು ಹೀಗೆ. ಜಮಖಾನಕ್ಕೆ ತೂಕ, ಗಟ್ಟಿತನ ಬರುವುದೂ ಈ ಬಡಿತದಿಂದಲೇ.

ಆ ನವಿಲಿನ ಕೊರಳನ್ನು ಹತ್ತಿರದಿಂದ ನೋಡಿ. ಬಳುಕುವ ಗೆರೆ ಇಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರಿದೆ. ಎರಡು ಬಣ್ಣ ನೇರಗೆರೆಯಲ್ಲಿ ಉದ್ದಕ್ಕೆ ಭೇಟಿಯಾದರೆ, ಒಂದಕ್ಕೊಂದು ಸಿಕ್ಕಿಸದ ಹೊರತು, ನಡುವೆ ಸೀಳು ಬಿಡುತ್ತದೆ. ಅದಕ್ಕೇ ಪ್ರತಿ ಸಾಲಿಗೂ ಒಂದೆರಡು ಎಳೆ ಸರಿಸುತ್ತಾ ಹೋಗುತ್ತಾರೆ. ನೂಲಿನ ಈ ಕಟ್ಟುಪಾಡೇ ನವಲಗುಂದದ ಶೈಲಿಯಾಗಿದೆ: ಚೌಕ, ಓರೆ, ಮೂಲೆಗಳಲ್ಲೇ ಹೂವು, ಹಕ್ಕಿ, ಪಗಡೆಯ ಹಾಸು ಎಲ್ಲವೂ ಮೂಡುತ್ತವೆ. ನಮಾಜಿಗೆ ಹಾಸುವ ಜಾನಮಾಜ್ ಕೂಡ ಇದೇ ಮಗ್ಗದಲ್ಲಿ ಹುಟ್ಟುತ್ತದೆ. ಎಳೆ ಎಣಿಸುವ ಲೆಕ್ಕ ನೇಯುವವಳ ತಲೆಯಲ್ಲಿರುತ್ತದೆ. ಇಷ್ಟು ಗಣಿತ ಬಲ್ಲವರನ್ನು ನಾವು ಕೂಲಿಯವರೆಂದು ಕರೆದು ಮುಗಿಸುವುದು ಅನ್ಯಾಯ.

ನವಲಗುಂದದ ಜಮಖಾನಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. 1999ರ ಕಾಯ್ದೆಯ ಪ್ರಕಾರ ಬೇರೆ ಕಡೆ ನೇಯ್ದದ್ದನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ. ಹೆಸರಿಗೆ ಕಾವಲು ಸಿಕ್ಕಿತು, ಸರಿ. ಆದರೆ ಕಾಯ್ದೆ ಗಿರಾಕಿಯನ್ನು ತಂದು ಕೊಡುವುದಿಲ್ಲ. ಪವರ್‌ಲೂಮಿನ ಹಾಸು ಅಗ್ಗ, ಗಂಟೆಗಳಲ್ಲಿ ಹೊರಬೀಳುತ್ತದೆ. ಕೈಮಗ್ಗದ ಜಮಖಾನ ಒಂದೊಂದು ಸಾಲಾಗಿ ಬೆಳೆಯಬೇಕು. ದಿನವಿಡೀ ಪಂಜಾ ಬಡಿದವಳಿಗೆ ಭುಜ ನೋವು ಗ್ಯಾರಂಟಿ, ದುಡ್ಡು ಮಾತ್ರ ಅಷ್ಟಕ್ಕಷ್ಟೆ. ಇಂಥ ಲೆಕ್ಕದಲ್ಲಿ ಕಿರಿಯರು ಮಗ್ಗದ ಮುಂದೆ ಕೂರಲಿ ಎಂದು ದೂರದಿಂದ ಹೇಳುವ ಹಕ್ಕು ನಮಗಿಲ್ಲ. ನಾವು ಮಾಡಬಹುದಾದದ್ದು ಒಳ್ಳೆಯ ಬೆಲೆ ಕೊಟ್ಟು ಕೊಳ್ಳುವುದು, ಚೌಕಾಸಿ ಬಿಡುವುದು.

ರಾಜ್ಯದ ಕರಕುಶಲ ವಸ್ತುಗಳನ್ನು ಮಾರಲೆಂದೇ 1964ರಲ್ಲಿ ಶುರುವಾದ ಕರಕುಶಲ ಅಭಿವೃದ್ಧಿ ನಿಗಮ ಕಾವೇರಿ ಮಳಿಗೆಗಳನ್ನು ನಡೆಸುತ್ತಿದೆ. ಹೆಬ್ಬಗೋಡಿಯವರಿಗೆ ಈಗ ಹಳದಿ ಮಾರ್ಗದ ಮೆಟ್ರೊ ಮನೆ ಬಾಗಿಲಿಗೇ ಬಂದಿದೆ, ಆರ್.ವಿ. ರಸ್ತೆ, ಮೆಜೆಸ್ಟಿಕ್‌ಗಳಲ್ಲಿ ಬದಲಿಸಿದರೆ ನಗರದೊಳಗಿನ ಮಳಿಗೆ ತಲುಪಬಹುದು. ಹೋಗಿ, ನವಲಗುಂದದ ಜಮಖಾನ ಎಂದು ಹೆಸರು ಹಿಡಿದು ಕೇಳಿ. ಇಲ್ಲ ಎಂದರೆ ತರಿಸಿಕೊಡಿ ಎನ್ನಿ. ಹುಬ್ಬಳ್ಳಿಗೆ ಹೋಗುವ ಕೆಲಸವಿದ್ದರೆ ಇನ್ನೂ ಒಳ್ಳೆಯದು, ನೇರವಾಗಿ ನವಲಗುಂದಕ್ಕೇ ಹೋಗಿ, ನೇಯುವವರ ಕೈಗೇ ದುಡ್ಡು ಕೊಟ್ಟು ತನ್ನಿ.