ಗ್ಯಾಸ್ ತುಂಬುವ ಮುನ್ನ: ಧನಕವಡಿಯ ಕಾರ್ ಎಸಿ ಮಿಸ್ತ್ರಿಗಳ ನಡುವೆ

ಪುಣೆಯ ಸ್ವಾರ್‌ಗೇಟ್‌ನಿಂದ ದಕ್ಷಿಣಕ್ಕೆ ಹೊರಟ ಸಾತಾರಾ ರಸ್ತೆ ಪದ್ಮಾವತಿ ದಾಟಿ ಕಾತ್ರಜ್ ಘಾಟಿನ ಬುಡ ಸೇರುವ ಮೊದಲು ಬಲಕ್ಕೆ ಹರಡಿಕೊಂಡಿರುವ ಬಡಾವಣೆ ಧನಕವಡಿ. ಬೆನ್ನಿಗೆ ತಳಜಾಯಿ ಗುಡ್ಡ, ದಕ್ಷಿಣದ ಮಗ್ಗುಲಿಗೆ ಭಾರತಿ ವಿದ್ಯಾಪೀಠ ಮತ್ತು ಪಿಐಸಿಟಿ ಎಂಜಿನಿಯರಿಂಗ್ ಕಾಲೇಜು. ಹೆದ್ದಾರಿಗೆ ಎನ್‌ಎಚ್ 4 ಎಂಬ ಹೆಸರಿದ್ದ ಕಾಲದಲ್ಲಿ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ಗಾಡಿಗಳು ಪುಣೆ ಹೊಗುತ್ತಿದ್ದುದು ಈ ರಸ್ತೆಯಿಂದಲೇ. ಈಗ ಆ ಹೆದ್ದಾರಿ ಎನ್‌ಎಚ್ 48. ಲಾರಿಗಳು ಬೈಪಾಸ್ ಹಿಡಿದು ಹೊಸ ಸುರಂಗದಲ್ಲಿ ನುಗ್ಗುತ್ತವೆ. ಆದರೂ ಒಳರಸ್ತೆಗಳಲ್ಲಿ ಎಂಎಚ್ 12ರ ಸಾಲಿನ ನಡುವೆ ಕೆಎ 22, ಕೆಎ 23, ಕೆಎ 28 ಫಲಕಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ.

ಕಾತ್ರಜ್‌–ಸ್ವಾರ್‌ಗೇಟ್ ನಡುವೆ 2006ರಲ್ಲಿ ದೇಶದ ಮೊದಲ ಬಿಆರ್‌ಟಿ ಬಸ್ ಪಥ ಬಂತು. ಅಷ್ಟಾದರೂ ಸಂಜೆ ಆರರ ಮೇಲೆ ಇಲ್ಲಿ ಕಾರುಗಳು ತೆವಳುತ್ತವೆ. ಒಂದು ಕಡೆ ತೆವಳುವ ಸಿಗ್ನಲ್ಲು, ಇನ್ನೊಂದು ಕಡೆ ಏರುವ ಘಾಟಿ: ಕಾರಿನ ಎಸಿಯ ಹುಳುಕು ಹೊರಬೀಳಲು ಇಷ್ಟು ಸಾಕು. ಹಾಗಾಗಿ ಧನಕವಡಿಯ ಅಡ್ಡರಸ್ತೆಗಳಲ್ಲಿ ಒಂದೊಂದೇ ಶಟರಿನ ಗ್ಯಾರೇಜುಗಳು ಬಾಗಿಲಿಗೆ ಬೋರ್ಡು ತೂಗುಹಾಕಿಕೊಂಡು ಕುಳಿತಿವೆ. ಕಾರ್ ಎಸಿ, ಆಟೊ ಇಲೆಕ್ಟ್ರಿಶಿಯನ್, ಬ್ಯಾಟರಿ, ಎಲ್ಲವೂ ಮರಾಠಿ ಅಕ್ಷರದಲ್ಲಿ. ಮಾರ್ಚ್‌ನಿಂದ ಜೂನ್‌ವರೆಗೆ ಎಸಿಯವರಿಗೆ ಉಸಿರಾಡಲು ಬಿಡುವಿಲ್ಲ. ಮಳೆ ಹಿಡಿದ ಮೇಲೆ ವೈಪರ್, ವೈರಿಂಗ್, ಒದ್ದೆಯಾದ ಕನೆಕ್ಟರುಗಳ ಸರದಿ.

ಅಂಥದೊಂದು ಗ್ಯಾರೇಜಿನಲ್ಲಿ ಅರ್ಧ ದಿನ ನಿಂತು ನೋಡಿದೆ.

ಎರಡು ಮೀಟರು, ಮೂರು ಪೈಪು

ಒಳಗೆ ಎರಡೇ ಕಾರಿಗೆ ಜಾಗ. ಎಡಗೋಡೆಗೆ ವೈರಿಂಗ್ ಮೇಜು: ಸೋಲ್ಡರಿಂಗ್ ಕಡ್ಡಿ, ಮಲ್ಟಿಮೀಟರು, ಡಬ್ಬಿ ತುಂಬ ರಿಲೇ, ಬಿಚ್ಚಿಟ್ಟ ಆಲ್ಟರ್ನೇಟರಿನ ತಾಮ್ರದ ಹೊಟ್ಟೆ. ಬಲಕ್ಕೆ ಎಸಿಯ ಸರಂಜಾಮು: ವ್ಯಾಕ್ಯೂಮ್ ಪಂಪು, ನೈಟ್ರೋಜನ್ ಸಿಲಿಂಡರು, ತಕ್ಕಡಿಯ ಮೇಲೆ ಗ್ಯಾಸಿನ ಸಿಲಿಂಡರು. ಹಿರಿಯ ಮಿಸ್ತ್ರಿ ಮಾತು ಕಡಿಮೆ. ಅವರ ಕೈಕೆಳಗಿನ ಹುಡುಗ ನನ್ನ ಫೋನಿನ ಕನ್ನಡ ಕೇಳಿ ತಾನೇ ಮಾತಿಗೆ ಬಂದ. ಗಡಿಯ ಅಕ್ಕಲಕೋಟೆ ತಾಲ್ಲೂಕಿನವನು; ಮನೆಮಾತು ಕನ್ನಡ, ಶಾಲೆ ಮರಾಠಿ, ಕೆಲಸದ ಮಾತು ಅರ್ಧ ಹಿಂದಿ.

ಬಾನೆಟ್ ಎತ್ತಿಕೊಂಡು ನಿಂತಿದ್ದ ಬಿಳಿ ಹ್ಯಾಚ್‌ಬ್ಯಾಕಿನ ಮಾಲೀಕರ ದೂರು ಸರಳ: ಬೇಸಿಗೆ ಶುರುವಾದ ಮೇಲೆ ಬೇರೆಡೆ ಒಮ್ಮೆ ಗ್ಯಾಸ್ ತುಂಬಿಸಿದ್ದರು, ತಿಂಗಳೊಳಗೆ ಮತ್ತೆ ಬಿಸಿಗಾಳಿ. "ಇನ್ನೊಂದು ಸಲ ತುಂಬಿಬಿಡಿ" ಎಂದರು. ಹುಡುಗ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಗ್ಯಾಸ್ ಏನ್ ಪೆಟ್ರೋಲ್ ಏನ್ರಿ ಸರ, ಖರ್ಚ ಆಗ್ಲಿಕ್ಕೆ? ಕಮ್ಮಿ ಆಗೇದ ಅಂದ್ರ ಎಲ್ಲೋ ತೂತ ಅದ."

ಇಡೀ ಕಸುಬಿನ ತಿರುಳು ಇದೇ. ಕಾರಿನ ಎಸಿ ಒಂದು ಮುಚ್ಚಿದ ಸುತ್ತು. ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರಿನ ಮುಂದಿನ ಕಂಡೆನ್ಸರಿನಲ್ಲಿ ಅದು ಬಿಸಿ ಬಿಟ್ಟುಕೊಟ್ಟು ದ್ರವವಾಗುತ್ತದೆ. ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ಕಿಂಡಿ ದಾಟಿದೊಡನೆ ಒತ್ತಡ ಕುಸಿದು, ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲಿನಲ್ಲಿ ಕುದಿದು ಆವಿಯಾಗುವಾಗ ಒಳಗಿನ ಸೆಖೆ ಹೀರುತ್ತದೆ. ಮತ್ತೆ ಕಂಪ್ರೆಸರಿಗೆ. ಈ ಸುತ್ತಿನಲ್ಲಿ ಗ್ಯಾಸ್ ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ವರ್ಷಗಳ ಮೇಲೆ ರಬ್ಬರ್ ಪೈಪು, ಸೀಲುಗಳಿಂದ ಚೂರುಪಾರು ಜಿನುಗಬಹುದು. ತಿಂಗಳಲ್ಲಿ ಖಾಲಿಯಾದರೆ ಅದು ಸೋರಿಕೆಯೇ.

ಮಿಸ್ತ್ರಿ ಎಂಜಿನ್ ಹಚ್ಚದೆಯೇ ಮೀಟರು ಸಿಕ್ಕಿಸಿದರು. ನೀಲಿ ಪೈಪು ಕಡಿಮೆ ಒತ್ತಡದ ಕಡೆಗೆ, ಕೆಂಪು ಹೆಚ್ಚಿನ ಕಡೆಗೆ, ನಡುವಿನ ಹಳದಿ ಪಂಪಿಗೋ ಸಿಲಿಂಡರಿಗೋ. ನಿಂತ ಗಾಡಿಯಲ್ಲಿ ಎರಡೂ ಮುಳ್ಳು ಒಂದೇ ಕಡೆ ನಿಲ್ಲುತ್ತವೆ. ಇಂದಿನ ಹೆಚ್ಚಿನ ಕಾರುಗಳಲ್ಲಿರುವ ಆರ್‌134ಎ ಗ್ಯಾಸು 30 ಡಿಗ್ರಿ ಸೆಖೆಯಲ್ಲಿ, ಒಳಗೆ ದ್ರವ ಉಳಿದಿದ್ದರೆ, ಸುಮಾರು 95 ಪಿಎಸ್‌ಐ ತೋರಿಸಬೇಕು. ಈ ಕಾರಿನ ಮುಳ್ಳು ಅದರ ಅರ್ಧಕ್ಕೇ ನಿಂತಿತು. ಅಂದರೆ ಒಳಗೆ ದ್ರವವೇ ಇಲ್ಲ, ಬರೀ ಆವಿ. ಮಾಲೀಕರಿಗೂ ಮುಳ್ಳು ತೋರಿಸಿದರು; ಅದಕ್ಕಿಂತ ಹೆಚ್ಚು ವಾದ ಬೇಕಾಗಲಿಲ್ಲ.

ಉಳಿದ ಗ್ಯಾಸನ್ನು ರಿಕವರಿ ಯಂತ್ರಕ್ಕೆ ಎಳೆದುಕೊಂಡು, ಖಾಲಿ ಸುತ್ತಿಗೆ ನೈಟ್ರೋಜನ್ ಕೊಟ್ಟರು. ಟೈರಿಗೆ ಹಾಕುವ ಕಂಪ್ರೆಸರ್ ಗಾಳಿಯನ್ನೇ ಬಿಡಬಹುದಿತ್ತಲ್ಲ ಎಂದೆ. ಅದರಲ್ಲಿ ನೀರಿನ ಪಸೆ ಇರುತ್ತದೆ. ಆ ಪಸೆ ಗ್ಯಾಸ್ ಮತ್ತು ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಒಳಗಿನಿಂದಲೇ ತಿನ್ನುತ್ತದೆ, ವಾಲ್ವಿನ ಬಾಯಲ್ಲಿ ಹಿಮಗಟ್ಟಿ ದಾರಿಯನ್ನೂ ಕಟ್ಟುತ್ತದೆ ಎಂಬ ಉತ್ತರ ಬಂತು. ಆಮೇಲೆ ಬ್ರಷ್ಷಿನಲ್ಲಿ ಸೋಪಿನ ನೀರು. ಎಲ್ಲಿ ಸವರಬೇಕೆಂಬುದು ಮಾತ್ರ ಕಣ್ಣಿನ ಅನುಭವ. ಗ್ಯಾಸಿನ ಜೊತೆ ಸುತ್ತುವ ಎಣ್ಣೆಯೂ ತೂತಿನಿಂದ ಹೊರಬೀಳುತ್ತದೆ, ಅದಕ್ಕೆ ರಸ್ತೆಯ ಧೂಳು ಅಂಟಿ ಕಪ್ಪು ಕಲೆ ಕಟ್ಟುತ್ತದೆ. ಕಂಡೆನ್ಸರಿನ ಕೆಳಮೂಲೆಯಲ್ಲಿ ಅಂಥ ಕಲೆ ಇತ್ತು. ಸೋಪು ತಾಗುತ್ತಿದ್ದಂತೆ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ಹೆದ್ದಾರಿಯಲ್ಲಿ ಮುಂದಿನ ಲಾರಿಯ ಚಕ್ರದಿಂದ ಸಿಡಿದ ಕಲ್ಲಿನ ಏಟು. ಕಂಡೆನ್ಸರ್ ಬದಲಿಸಬೇಕು.

ಇದು ಅಗ್ಗದ ಸೋರಿಕೆ. ದುಬಾರಿಯದು ಕೂಲಿಂಗ್ ಕಾಯಿಲಿನದು. ಅದಕ್ಕೆ ಬಹಳಷ್ಟು ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು, ಒಂದಿಡೀ ದಿನದ ಕೆಲಸ. "ಮೊದಲು ಕಾಯಿಲೇ ಹೋಗಿದೆ ಎನ್ನುವವರನ್ನು ನಂಬಬೇಡಿ; ಕೊನೆಗೆ ಹೇಳುವವರನ್ನು ನಂಬಿ" ಎಂದರು ಮಿಸ್ತ್ರಿ.

ಪುಣೆಯ ಎತ್ತರ, ಮೀಟರಿನ ಮುಳ್ಳು

ಹೊಸ ಕಂಡೆನ್ಸರ್ ಬಂದಿದ್ದು ನಾನಾ ಪೇಠದಿಂದ, ಸ್ಕೂಟರಿನ ಕಾಲಡಿಯಲ್ಲಿ. ಪುಣೆಯಲ್ಲಿ ಬಿಡಿಭಾಗ ಎಂದರೆ ನಾನಾ ಪೇಠವೇ. ಅದನ್ನು ಕೂರಿಸುವಾಗ ಹಳೆಯ ರಬ್ಬರ್ ಉಂಗುರಗಳನ್ನೆಲ್ಲ ಎಸೆದರು, ರಿಸೀವರ್ ಡ್ರೈಯರನ್ನೂ ಬದಲಿಸಿದರು. ಡ್ರೈಯರಿನ ಕೆಲಸವೇ ಪಸೆ ಹೀರುವುದು. ಸುತ್ತು ತೆರೆದ ಮೇಲೆ ಹಳೆಯದು ಉಪಯೋಗಕ್ಕಿಲ್ಲ.

ನಂತರ ವ್ಯಾಕ್ಯೂಮ್ ಪಂಪು ಅರ್ಧ ಗಂಟೆ ಓಡಿತು. ಒತ್ತಡ ಇಳಿದಂತೆಲ್ಲ ನೀರು ಕಡಿಮೆ ಸೆಖೆಯಲ್ಲೇ ಕುದಿಯುತ್ತದೆ. ಒಳಗಿನ ಪಸೆ ಹೀಗೆ ಆವಿಯಾಗಿ ಹೊರಬರುತ್ತದೆ. ಪಂಪಿನ ಪುಸ್ತಕದಲ್ಲಿ ಪಾದರಸದ ಲೆಕ್ಕದಲ್ಲಿ 29.9 ಇಂಚು ಎಂದು ಬರೆದಿರುತ್ತದೆ. ಇಲ್ಲಿ ಮುಳ್ಳು 28ರ ಹತ್ತಿರ ಹೋಗಿ ನಿಂತುಬಿಟ್ಟಿತು. ಪಂಪು ಕೆಟ್ಟಿದೆಯೇ? ಇಲ್ಲ. ಪುಸ್ತಕದ ಅಂಕಿ ಸಮುದ್ರಮಟ್ಟದ್ದು. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಅಷ್ಟು ಕಡಿಮೆ. ಮುಂಬೈಯಲ್ಲಿ ಕೆಲಸ ಕಲಿತು ಬಂದವರು ಮೊದಲ ದಿನ ಇದಕ್ಕೆ ತಬ್ಬಿಬ್ಬಾಗುತ್ತಾರಂತೆ. ಪಂಪು ಆರಿಸಿದ ಮೇಲೂ ಮುಳ್ಳು ಅಲ್ಲೇ ನಿಂತಿದ್ದರೆ ಸುತ್ತು ಬಿಗಿಯಾಗಿದೆ ಎಂದರ್ಥ. ನಿಂತಿತು.

ಗ್ಯಾಸ್ ತುಂಬುವುದು ತೂಕದ ಲೆಕ್ಕದಲ್ಲಿ. ಬಾನೆಟ್ಟಿನ ಒಳಗೆ ಅಂಟಿಸಿದ ಚೀಟಿಯಲ್ಲಿ ಎಷ್ಟು ಗ್ರಾಂ ಎಂದು ಕಂಪನಿಯೇ ಬರೆದಿರುತ್ತದೆ. ಸಣ್ಣ ಕಾರಿಗೆ ಅರ್ಧ ಕಿಲೊ ಆಸುಪಾಸು. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬುದು ತಪ್ಪು ತಿಳಿವಳಿಕೆ. ಕಂಡೆನ್ಸರ್ ತುಂಬಿಹೋಗಿ ಒತ್ತಡ ಏರುತ್ತದೆ, ತಂಪು ಇಳಿಯುತ್ತದೆ, ಕಂಪ್ರೆಸರ್ ಏದುಸಿರು ಬಿಡುತ್ತದೆ.

ಆಕಾಶದ ಲೆಕ್ಕ

ಗ್ಯಾಸನ್ನು ಯಂತ್ರಕ್ಕೆ ಎಳೆದುಕೊಂಡರು ಎಂದೆನಲ್ಲ, ಎಲ್ಲ ಗ್ಯಾರೇಜೂ ಹಾಗೆ ಮಾಡುವುದಿಲ್ಲ. ವಾಲ್ವಿನ ಪಿನ್ನು ಒತ್ತಿ ಬುಸ್ಸೆಂದು ಗಾಳಿಗೆ ಬಿಡುವುದೇ ಹಲವೆಡೆ ರೂಢಿ. ಹಿಂದಿನ ಕಾರುಗಳಲ್ಲಿದ್ದ ಆರ್‌12 ಓಝೋನ್ ಪದರವನ್ನು ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿ, 2010ರ ಹೊತ್ತಿಗೆ ಅಂಥ ಸಿಎಫ್‌ಸಿಗಳ ತಯಾರಿಕೆಗೆ ತೆರೆ ಎಳೆಯಿತು. ಅದರ ಜಾಗಕ್ಕೆ ಬಂದ ಆರ್‌134ಎ ಓಝೋನಿಗೆ ಕೈ ಹಚ್ಚುವುದಿಲ್ಲ, ಆದರೆ ಭೂಮಿ ಬಿಸಿಯಾಗಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿನ 1,430 ಪಟ್ಟು. ಅರ್ಧ ಕಿಲೊ ಗಾಳಿಗೆ ಬಿಟ್ಟರೆ 700 ಕಿಲೊಗೂ ಹೆಚ್ಚು ಡೈಆಕ್ಸೈಡಿಗೆ ಸಮ. ಕಿಲೊಮೀಟರಿಗೆ 120 ಗ್ರಾಂ ಉಗುಳುವ ಪೆಟ್ರೋಲ್ ಕಾರು ಧನಕವಡಿಯಿಂದ ಬೆಂಗಳೂರಿಗೆ ಏಳು ಸಲ ಓಡಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಈ ಗ್ಯಾಸುಗಳನ್ನೂ ಹಂತಹಂತವಾಗಿ ಇಳಿಸಬೇಕೆಂಬ 2016ರ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಸಮ್ಮತಿಸಿದೆ. ಯುರೋಪಿನಲ್ಲಂತೂ 2017ರಿಂದ ಹೊಸ ಕಾರುಗಳಲ್ಲಿ ಆರ್‌134ಎ ನಿಷಿದ್ಧ. ಸೋರಿಕೆ ಮುಚ್ಚದೆ ಮತ್ತೆಮತ್ತೆ ತುಂಬಿಸುವವರು ಕಳೆಯುವುದು ತಮ್ಮ ದುಡ್ಡನ್ನಷ್ಟೇ ಅಲ್ಲ.

ಸುಳ್ಳು ಹೇಳದ ಬಲ್ಬು

ಮಧ್ಯಾಹ್ನ ಬಂದ ಕಾರು ಕೆಎ 23, ಚಿಕ್ಕೋಡಿ ಕಡೆಯದು. ಹೆದ್ದಾರಿಯಲ್ಲಿ ಒಳ್ಳೆಯ ತಂಪು, ಘಾಟಿ ಏರುವಾಗ ಮತ್ತು ಸಿಗ್ನಲ್ಲಿನಲ್ಲಿ ಬಿಸಿ. ಗ್ಯಾಸಿನ ಮೀಟರು ಹಚ್ಚಿದರೆ ನಿಂತ ಒತ್ತಡ ಸರಿಯಿದೆ. ಎಂಜಿನ್ ಹಚ್ಚಿ ಎಸಿ ಹಾಕಿದ ಸ್ವಲ್ಪ ಹೊತ್ತಿಗೆ ಕೆಂಪು ಮುಳ್ಳು 300 ಪಿಎಸ್‌ಐ ದಾಟಿತು. ಓಡುವಾಗ ಎದುರುಗಾಳಿ ಕಂಡೆನ್ಸರನ್ನು ತಂಪಿಡುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಫ್ಯಾನು ಸುತ್ತುತ್ತಿತ್ತು, ಆದರೆ ಸೋಮಾರಿಯಾಗಿ.

ಇಲ್ಲಿಂದ ಕೆಲಸ ಎಡಗೋಡೆಗೆ ಹೋಯಿತು. ಫ್ಯಾನಿನ ಕನೆಕ್ಟರು ಬಿಚ್ಚಿ ಹುಡುಗ ಮಲ್ಟಿಮೀಟರು ಇಟ್ಟ: 12.5 ವೋಲ್ಟ್. ಕರೆಂಟು ಬರುತ್ತಿದೆ, ಫ್ಯಾನೇ ಕೆಟ್ಟಿದೆ ಎಂದ. ಮಿಸ್ತ್ರಿ ಮಾತಾಡದೆ ಹೆಡ್‌ಲೈಟಿನ ಹಳೆಯ ಬಲ್ಬಿಗೆ ಎರಡು ವೈರು ಕಟ್ಟಿದ್ದನ್ನು ತಂದು ಅದೇ ಕಡೆ ಹಚ್ಚಿದರು. ಬಲ್ಬು ಮಂಕಾಗಿ ಕೆಂಪಗೆ ಮಿಣುಕಿತು. ಮಲ್ಟಿಮೀಟರು ಕರೆಂಟನ್ನು ಎಳೆಯುವುದೇ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಒಂದೇ ಎಳೆ ತಾಮ್ರ ಉಳಿದಿದ್ದರೂ ಪೂರಾ ವೋಲ್ಟ್ ತೋರಿಸುತ್ತದೆ. ಬಲ್ಬು ನಾಲ್ಕೈದು ಆಂಪಿಯರ್ ಕೇಳುತ್ತದೆ. ದಾರಿ ಕೆಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ. ಹುಡುಕಿದಾಗ ಚಾಸಿಗೆ ಸೇರುವ ಅರ್ತಿಂಗಿನ ಬೋಲ್ಟು ಹಸಿರು ತುಕ್ಕು ಕಟ್ಟಿತ್ತು. ಉಜ್ಜಿ ಬಿಗಿದದ್ದೇ ತಡ, ಫ್ಯಾನು ಭೋರೆಂದಿತು, ಕೆಂಪು ಮುಳ್ಳು 220ಕ್ಕೆ ಇಳಿಯಿತು. ಬಿಡಿಭಾಗದ ಖರ್ಚು ಸೊನ್ನೆ. ಆದರೆ ಈ ಬಲ್ಬಿನ ಉಪಾಯವನ್ನು ಏರ್‌ಬ್ಯಾಗ್ ಮತ್ತು ಕಾರಿನ ಕಂಪ್ಯೂಟರಾದ ಇಸಿಯುವಿನ ವೈರುಗಳ ಮೇಲೆ ಯಾವತ್ತೂ ಮಾಡಬಾರದು ಎಂದು ಹುಡುಗನಿಗೆ ಅಲ್ಲೇ ತಾಕೀತಾಯಿತು.

ವೈರಿಂಗ್ ಮೇಜಿಗೆ ಬರುವ ದೂರುಗಳಲ್ಲಿ ದೊಡ್ಡ ಪಾಲು "ಬ್ಯಾಟರಿ ಹೋಗಿದೆ" ಎಂಬುದು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಇರಬೇಕು, ಎಂಜಿನ್ ಓಡುವಾಗ ಆಲ್ಟರ್ನೇಟರ್ ಅದನ್ನು 14ರ ಆಸುಪಾಸಿಗೆ ಏರಿಸಬೇಕು. ಎರಡೂ ಸರಿಯಿದ್ದು ಬೆಳಗ್ಗೆ ಸೆಲ್ಫು ಹೊಡೆಯದಿದ್ದರೆ ಯಾರೋ ರಾತ್ರಿ ಕರೆಂಟು ಕದಿಯುತ್ತಿದ್ದಾರೆ. ಬೀಗ ಹಾಕಿದ ಕಾರು ನಿದ್ದೆಗೆ ಜಾರಿದ ಮೇಲೆ 50 ಮಿಲಿಆಂಪಿಯರ್ ಒಳಗೇ ಎಳೆಯಬೇಕು. ಹೊರಗೆ ಹಾಕಿಸಿದ ಸ್ಟೀರಿಯೊ, ಆರದ ಡಿಕ್ಕಿ ಲೈಟು ಅರ್ಧ ಆಂಪಿಯರ್ ಎಳೆದರೂ 60 ಆಂಪಿಯರ್-ಗಂಟೆಯ ಬ್ಯಾಟರಿ ಐದು ದಿನಕ್ಕೆ ಬರಿದು. ಹೊಸ ಬ್ಯಾಟರಿ ಹಾಕಿದರೆ ಅದೂ ಐದು ದಿನಕ್ಕೆ ಬರಿದು. ಎಸಿಗೆ ಗ್ಯಾಸ್ ತುಂಬಿಸುವ ಕಥೆಯೇ ಇದು, ಗೋಡೆ ಮಾತ್ರ ಬೇರೆ. ಎಡಕ್ಕಾಗಲಿ ಬಲಕ್ಕಾಗಲಿ, ಅಳೆಯದೆ ಬದಲಿಸುವವನು ಕೆಡುಕನ್ನು ಒಳಗೇ ಬಿಟ್ಟು ಕಳಿಸುತ್ತಾನೆ.

ಈ ಗ್ಯಾರೇಜು ಮುಟ್ಟದ ಗಾಡಿಯೂ ಒಂದಿದೆ: ಇಲೆಕ್ಟ್ರಿಕ್ ಕಾರು. ಅದರ ಎಸಿ ಕಂಪ್ರೆಸರು ಬೆಲ್ಟಿನಿಂದಲ್ಲ, ಕಿತ್ತಳೆ ಬಣ್ಣದ ಕೇಬಲ್ಲಿನಲ್ಲಿ ಬರುವ ನೂರಾರು ವೋಲ್ಟಿನಿಂದ ಓಡುತ್ತದೆ. ಪೆಟ್ರೋಲ್ ಕಾರಿನ ಎಸಿಯ ಪಿಎಜಿ ಎಣ್ಣೆ ಒಂದಿಷ್ಟು ಅದಕ್ಕೆ ಬೆರೆತರೂ ಕರೆಂಟು ಸೋರಬಹುದು. ಅಲ್ಲಿಗೆ ಕರೆಂಟು ಹಾಯದ ಪಿಒಇ ಎಣ್ಣೆಯೇ ಆಗಬೇಕು. "ಅದಕ್ಕ ಬ್ಯಾರೆ ಟ್ರೇನಿಂಗ್ ಬೇಕು ಸರ, ನಾನು ಕಲೀಬೇಕಂತೀನಿ" ಎಂದ ಹುಡುಗ. ಈ ಹಂಬಲ ಹಳೆಯದು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಬೆಳಗಾವಿಗೂ ಪುಣೆಗೂ ನಡುವೆ ಕಿರ್ಲೋಸ್ಕರವಾಡಿ ಕಟ್ಟಿದರು. ಆ ಮನೆತನದ ಕಂಪನಿಯೊಂದು ಇಂದು ಪುಣೆಯ ಹಡಪ್ಸರದಲ್ಲಿ ಶೈತ್ಯ ಕಂಪ್ರೆಸರುಗಳನ್ನೇ ತಯಾರಿಸುತ್ತದೆ. ಗಡಿ ಸೀಮೆಯಿಂದ ಪುಣೆಗೆ ಕಸುಬು ಹುಡುಕಿ ಬರುವುದು ಅಕ್ಕಲಕೋಟೆಯ ಹುಡುಗನಿಂದ ಶುರುವಾದದ್ದಲ್ಲ.

ಹೋಗುವವರಿಗೆ

ಸ್ವಾರ್‌ಗೇಟ್‌ವರೆಗೆ ಮೆಟ್ರೊ 2024ರ ಸೆಪ್ಟೆಂಬರಿನಲ್ಲಿ ಬಂತು; ಅಲ್ಲಿಂದ ಕಾತ್ರಜ್‌ವರೆಗಿನ ಸುರಂಗ ಮಾರ್ಗಕ್ಕೂ ಆಗಲೇ ಶಂಕುಸ್ಥಾಪನೆಯಾಗಿದೆ. ಸದ್ಯಕ್ಕೆ ಕಾತ್ರಜ್ ಬಸ್ಸು ಹತ್ತಿದರೆ ಧನಕವಡಿ. ಗಾಡಿ ತಂದಿದ್ದರೆ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಬನ್ನಿ. ಎಂಜಿನ್ ತಣ್ಣಗಿದ್ದಷ್ಟೂ ನಿಂತ ಒತ್ತಡದ ಅಳತೆ ಸರಿ ಬರುತ್ತದೆ. ಕ್ಯಾಬಿನ್ ಫಿಲ್ಟರನ್ನು ನೀವೇ ತೆಗೆದು ನೋಡಿಕೊಳ್ಳಿ, ಗಾಳಿ ಸಣ್ಣಗಾಗಿದ್ದರೆ ಎಷ್ಟೋ ಸಲ ಅಷ್ಟೇ ಕಾರಣ. ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ತಿರುಗುತ್ತಿದ್ದರೆ ಹೋಗಿರುವುದು ಸಾಮಾನ್ಯವಾಗಿ ರೆಸಿಸ್ಟರು, ಮೋಟರಲ್ಲ.

ಮತ್ತೆ ಬಿಲ್ಲು ಪಾವತಿಸುವಾಗ ಮೂರು ಸಂಗತಿ ಬರೆಸಿಕೊಳ್ಳಿ: ಬಂದಾಗ ಒತ್ತಡ ಎಷ್ಟಿತ್ತು, ಸೋರಿಕೆ ಎಲ್ಲಿತ್ತು, ಎಷ್ಟು ಗ್ರಾಂ ತುಂಬಿದರು. ಮೂರಕ್ಕೂ ಉತ್ತರ ಇದ್ದರೆ ಕೇಳಿದಷ್ಟು ಕೊಡಿ. ನಡುವಿನದಕ್ಕೆ ಉತ್ತರ ಇಲ್ಲದಿದ್ದರೆ ಮುಂದಿನ ತಿಂಗಳಿಗೂ ದುಡ್ಡು ತೆಗೆದಿಡಿ.